ಬೆಂಕಿಗೂ ಒಂದು ಲೆಕ್ಕ

ಮಕ್ಕಳೇ, ಹೋದ ವಾರ ನನ್ನಿಂದ ಒಂದು ತಪ್ಪಾಯಿತು. ಮೊಮ್ಮಗಳು ಶಾಲೆಯ ವಿಜ್ಞಾನ ಮೇಳಕ್ಕೆ ಮಾಡಿದ್ದ ಟಾರ್ಚಿನಲ್ಲಿ, ಸೆಲ್ಲನ್ನು ಒತ್ತಿ ಹಿಡಿಯುವ ಹಿತ್ತಾಳೆ ಪಟ್ಟಿ ಸೊಟ್ಟಗಾಗಿತ್ತು. "ಕೊಡು, ನೆಟ್ಟಗೆ ಮಾಡಿಕೊಡ್ತೀನಿ" ಎಂದು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿದೆ. ನೆಟ್ಟಗೇನೋ ಆಯಿತು, ಆದರೆ ಪುಟಿಯುವ ಗುಣವೇ ಹೋಯಿತು. ಸೆಲ್ಲು ನಿಲ್ಲಲಿಲ್ಲ, ದೀಪ ಹತ್ತಲಿಲ್ಲ. ಅವಳ ಕಣ್ಣಲ್ಲಿ ನೀರು.

ತಣ್ಣಗಿರುವಾಗಲೇ ಒತ್ತಿ, ತಟ್ಟಿದ ಲೋಹ ಗಡುಸಾಗುತ್ತದೆ. ಚೆನ್ನಾಗಿ ಕಾಯಿಸಿದರೆ, ಒಳಗೆ ಜಜ್ಜಿಹೋದ ಹರಳುಗಳ ಜಾಗದಲ್ಲಿ ಹೊಸವು ಹುಟ್ಟಿ ಮೆತ್ತಗಾಗುತ್ತದೆ. ತಾಮ್ರದ ಹಂಡೆ ತಟ್ಟುವವರು ನಡುನಡುವೆ ಕಾಯಿಸುವುದು ಇದಕ್ಕೇ.

"ಹಾಗಾದ್ರೆ ಬಿಸಿ ಮಾಡಿದ್ರೆ ಎಲ್ಲಾ ಮೆತ್ತಗಾಗುತ್ತಾ ತಾತಾ?"

ಇಲ್ಲ! ತಾಮ್ರಕ್ಕೆ ಚೂರು ಕ್ರೋಮಿಯಂ ಬೆರೆಸಿ ನೋಡಿ. ಕರಗಿದಾಗ ಎರಡೂ ಬೆರೆಯುತ್ತವೆ. ಗಟ್ಟಿಯಾದ ತಾಮ್ರವೋ, 100 ಗ್ರಾಮಿಗೆ ಒಂದು ಗ್ರಾಮ್ ಕ್ರೋಮಿಯಮ್ಮನ್ನೂ ಒಳಗೆ ಬಿಟ್ಟುಕೊಳ್ಳದು. ನಿಧಾನವಾಗಿ ಆರಿದರೆ ಎರಡೂ ಬೇರೆಬೇರೆಯಾಗುತ್ತವೆ. ಅದಕ್ಕೆ ವಿಜ್ಞಾನಿಗಳು ಕರಗಿದ ಲೋಹವನ್ನು ಗಿರ್ರನೆ ತಿರುಗುವ ತಣ್ಣನೆಯ ಚಕ್ರದ ಮೇಲೆ ಸಣ್ಣ ಧಾರೆಯಾಗಿ ಬಿಡುತ್ತಾರೆ. ಕ್ಷಣದೊಳಗೆ ಅದು ತೆಳ್ಳನೆಯ ರಿಬ್ಬನ್ನಾಗಿ ಗಟ್ಟಿಯಾಗುತ್ತದೆ. ಆಟದ ಬಯಲಲ್ಲಿ ಯಾರೋ "ಸ್ಟ್ಯಾಚ್ಯೂ!" ಎಂದರೆ ನೀವೆಲ್ಲ ನಿಂತಲ್ಲೇ ನಿಲ್ಲುವುದಿಲ್ಲವೇ? ಕ್ರೋಮಿಯಂ ಕಣಗಳೂ ಹಾಗೆ, ತಾಮ್ರದ ನಡುವೆ ಚದುರಿ ಸಿಕ್ಕಿಬೀಳುತ್ತವೆ.

ಈಗ ಆ ರಿಬ್ಬನ್ನನ್ನು ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದವಾಗಿ ಕಾಯಿಸಬೇಕು. ಬಿಸಿ ಎಂದರೆ ಕಣಗಳಿಗೆ ಅಲುಗಾಡಲು ಅಪ್ಪಣೆ. ಕ್ರೋಮಿಯಂ ಕಣಗಳು ಅಲ್ಲಲ್ಲಿ ಪುಟ್ಟ ಪುಟ್ಟ ಗುಂಪು ಕಟ್ಟುತ್ತವೆ. ಬಗ್ಗಿಸಹೋದರೆ ಆ ಗುಂಪುಗಳು ಅಡ್ಡ ನಿಲ್ಲುತ್ತವೆ, ಲೋಹ ಗಡುಸಾಗುತ್ತದೆ. ಮಿಕ್ಕ ತಾಮ್ರ ಶುದ್ಧವಾಗುವುದರಿಂದ ವಿದ್ಯುತ್ತೂ ಸಲೀಸಾಗಿ ಹರಿಯುತ್ತದೆ. ಕಾರಿನ ತಗಡುಗಳನ್ನು ಬೆಸೆಯುವ ಯಂತ್ರದ ತುದಿಗೆ ತಾಮ್ರ-ಕ್ರೋಮಿಯಂ ಮಿಶ್ರಲೋಹ ಬಳಸುವುದು ಈ ಎರಡು ಗುಣಗಳಿಗಾಗಿ.

ಬಿಸಿ ಹೆಚ್ಚಾದರೆ, ಹೊತ್ತು ಮೀರಿದರೆ? ಸಣ್ಣ ಗುಂಪುಗಳು ಕರಗಿ ದೊಡ್ಡವನ್ನು ಸೇರುತ್ತವೆ. ನಡುವೆ ದಾರಿ ಬಿಡುತ್ತದೆ, ಲೋಹ ಮತ್ತೆ ಮೆತ್ತಗಾಗುತ್ತದೆ. ನಮ್ಮ ಬ್ಯಾಂಕಿನ ಠೇವಣಿಯ ಹಾಗೆ: ಅವಧಿಗೆ ಮುಂಚೆ ಮುರಿದರೂ ನಷ್ಟ, ಮುಗಿದ ಮೇಲೆ ಮರೆತು ಕೂತರೂ ನಷ್ಟ.

ವರ್ಷಗಟ್ಟಲೆ ಆ ಲೆಕ್ಕ ಬರೆದವನು ನಾನು, ಒಲೆಯ ಮುಂದೆ ಲೆಕ್ಕ ತಪ್ಪಿದೆ. ಮೊಮ್ಮಗಳ ಕ್ಷಮೆ ಕೇಳಿ ಅಂಗಡಿಯಿಂದ ಹೊಸ ಪಟ್ಟಿ ತಂದುಕೊಟ್ಟೆ. ಮೇಳದಲ್ಲಿ ಟಾರ್ಚು ಹತ್ತಿತು. ಪಕ್ಕದಲ್ಲೇ ನಾನು ಕೆಡಿಸಿದ ಪಟ್ಟಿಯನ್ನೂ ಇಟ್ಟು ಚೀಟಿ ಅಂಟಿಸಿದ್ದಳು: "ಇದು ತಾತ ಕಾಯಿಸಿದ್ದು."