ಸಂಚಿ ಹಿಡಿದ ಕೈಗೂ ಒಂದು ಗೋಡೆ ಇರಲಿ

ಯಳಂದೂರಿನ ಹೊನ್ನಮ್ಮ ಮೈಸೂರು ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಚಿಕ್ಕದೇವರಾಜ ಒಡೆಯರ (1673–1704) ರಾಣಿ ದೇವಾಜಮ್ಮಣ್ಣಿಯೂ ಯಳಂದೂರಿನ ಮನೆಮಗಳೇ. ತವರೂರಿನ ಈ ಹುಡುಗಿಗೆ ರಾಣಿ ಬೆಂಬಲವಾಗಿ ನಿಂತಳು, ಅಳಸಿಂಗರಾರ್ಯ ಪಾಠ ಹೇಳಿದ, ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಹುಟ್ಟಿತು. ಮೂರು ಶತಮಾನ ಕಳೆದರೂ ನಾವು ಆಕೆಯನ್ನು ‘ಸಂಚಿಯ ಹೊನ್ನಮ್ಮ’ ಎಂದೇ ಕರೆಯುತ್ತೇವೆ. ಊಳಿಗವೂ ಕಾವ್ಯವೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿವೆ. ಸಂಚಿ ಹಿಡಿದ ಕೈ ಬರೆದದ್ದನ್ನು ಆಸ್ಥಾನ ಓದಿತು ಎಂಬುದು ಸಣ್ಣ ಮಾತಲ್ಲ.

ಅದೇ ಯಳಂದೂರಿನಲ್ಲಿ ಈಗ ಒಂದು ವಸ್ತುಸಂಗ್ರಹಾಲಯವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಯಳಂದೂರನ್ನು ಜಹಗೀರಾಗಿ ಕೊಟ್ಟಿದ್ದರು. ಆ ಮನೆತನದ ಜಹಗೀರ್ದಾರ್ ಬಂಗಲೆಯೇ ಸಂಗ್ರಹಾಲಯವಾಗಿದೆ. ಊರಿನ ಗೌರೀಶ್ವರ ದೇಗುಲದ ಮುಂದಿನ ಬಳೆಮಂಟಪವನ್ನು ನೋಡಿದವರಿಗೆ ಇಲ್ಲಿಯ ಕೈಗಳ ಬಗ್ಗೆ ಬೇರೆ ಹೇಳಬೇಕಿಲ್ಲ. ಒಂದೇ ಕಲ್ಲಿನಲ್ಲಿ ಒಂದಕ್ಕೊಂದು ತೊಡರಿದ ಬಳೆಗಳನ್ನು ಬಿಡಿಸಿದ ಆ ಕಲ್ಕುಟಿಗ ಯಾರೆಂದು ಕೇಳಿದರೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ. ಕಟ್ಟಿಸಿದವರ ಹೆಸರು ಹೇಳುತ್ತೇವೆ, ಕಟೆದವರ ಹೆಸರು ಮಣ್ಣುಪಾಲಾಗಿದೆ. ಈ ಮರೆವು ಇವತ್ತಿನ ಸಂಗ್ರಹಾಲಯಗಳ ಒಳಗೂ ನಡೆದೇ ಇದೆ ಎಂಬುದು ನನ್ನ ಆತಂಕ. ಬೆಳಿಗ್ಗೆ ಬಾಗಿಲು ತೆರೆದು, ವಿಗ್ರಹಗಳ ಧೂಳು ಒರೆಸಿ, ಸಂಜೆ ಬೀಗ ಹಾಕುವವರಲ್ಲಿ ಒಬ್ಬರು ಚಿತ್ರ ಬರೆಯುವವರೋ ಮಣ್ಣು ತಿದ್ದುವವರೋ ಆಗಿದ್ದರೆ, ಅವರ ಕೆಲಸವನ್ನು ಎಲ್ಲಿ ತೋರಿಸಬೇಕು? ಅದೇ ಕಟ್ಟಡದಲ್ಲಿ ತೋರಿಸಬೇಕು ಎನ್ನುತ್ತೇನೆ ನಾನು.

ಸಂಗ್ರಹಾಲಯದಲ್ಲಿ ದುಡಿಯುವವರೇ ಕಲಾವಿದರಾಗಿರುವುದಕ್ಕೆ ಕರ್ನಾಟಕದಲ್ಲೇ ದೊಡ್ಡ ನಿದರ್ಶನವಿದೆ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವನ್ನು 1968ರಿಂದ ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದ ಪಿ.ಆರ್. ತಿಪ್ಪೇಸ್ವಾಮಿ (1922–2000) ಮೂಲತಃ ಚಿತ್ರಕಾರರು. ಹಿರಿಯೂರು ಸೀಮೆಯ ಹರ್ತಿಕೋಟೆಯವರು. ಜಲವರ್ಣದ ನಿಸರ್ಗಚಿತ್ರಗಳಿಗೆ ಹೆಸರಾದವರು. ಲಲಿತಕಲಾ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ಆ ಸಂಗ್ರಹಾಲಯ ನೆಲೆಗೊಂಡ ಜಯಲಕ್ಷ್ಮಿ ವಿಲಾಸದ ಆರು ಸಾವಿರಕ್ಕೂ ಮಿಕ್ಕ ವಸ್ತುಗಳಲ್ಲಿ ಸೋಮನ ಮುಖವಾಡಗಳಿವೆ, ತೊಗಲುಗೊಂಬೆಗಳಿವೆ, ಒಕ್ಕಲು ಮನೆಯ ಮಡಕೆ ಬುಟ್ಟಿಗಳಿವೆ. ಬರಿಯ ಪಂಡಿತರ ಕಣ್ಣಿಗೆ ಇವುಗಳಲ್ಲಿ ಎಷ್ಟೋ ವಸ್ತುಗಳು ಹಿತ್ತಿಲಿನ ಸಾಮಾನಾಗಿ ಕಂಡಾವು. ಮೊರದ ಹೆಣಿಗೆಯಲ್ಲಿ ವಿನ್ಯಾಸವನ್ನೂ ಸವೆದ ಒನಕೆಯಲ್ಲಿ ಆಕಾರವನ್ನೂ ಗುರುತಿಸಲು ದಿನವೂ ಗೆರೆ ಎಳೆಯುವ ಕಣ್ಣು ಬೇಕು. ತಿಪ್ಪೇಸ್ವಾಮಿಯವರೊಳಗಿನ ಕಲಾವಿದನೇ ಆ ಸಂಗ್ರಹಾಲಯಕ್ಕೆ ಸಿಕ್ಕ ದೊಡ್ಡ ಆಸ್ತಿ ಎಂದು ನಾನು ನಂಬಿದ್ದೇನೆ. ಕುಂಚ ಕೆಳಗಿಟ್ಟು ಬಾ ಎಂದು ಅವರಿಗೆ ಯಾರಾದರೂ ಹೇಳಿದ್ದರೆ ನಷ್ಟವಾಗುತ್ತಿದ್ದುದು ನಾಡಿಗೆ.

ತಿಪ್ಪೇಸ್ವಾಮಿ ಅಧಿಕಾರದ ಸ್ಥಾನದಲ್ಲಿದ್ದರು. ನನ್ನ ಕಾಳಜಿ ಅವರಿಗಿಂತ ನಾಲ್ಕು ಮೆಟ್ಟಿಲು ಕೆಳಗಿರುವ ಅಟೆಂಡರ್, ಕಾವಲುಗಾರ, ಹೊರಗುತ್ತಿಗೆಯ ಸಹಾಯಕಿಯ ಬಗ್ಗೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಇಂಥ ಕೆಲಸಕ್ಕೆ ಬರುವವರು ಎಂಥ ಮನೆಗಳಿಂದ ಬಂದಾರು ಎಂದು ಒಮ್ಮೆ ಯೋಚಿಸಿ. ಮಲೆಮಹದೇಶ್ವರ ಬೆಟ್ಟದ ಮಾದಪ್ಪನ ದೇವರಗುಡ್ಡರ ಮನೆ ಇರಬಹುದು, ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರ ಮನೆ ಇರಬಹುದು, ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆ ಇರಬಹುದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡು ಇರಬಹುದು. ಗಾಜಿನ ಪೆಟ್ಟಿಗೆಯಲ್ಲಿ ದೇವರಗುಡ್ಡರ ಕಂಸಾಳೆಯನ್ನು ಇಟ್ಟು ‘ಕಂಚಿನ ವಾದ್ಯ’ ಎಂದು ಚೀಟಿ ಅಂಟಿಸಿದರೆ ನೋಡುವವರಿಗೆ ಏನು ತಿಳಿದೀತು? ಬಟ್ಟಲಿನಂಥದ್ದು ಎಡಗೈಗೆ, ದಾರ ಕಟ್ಟಿದ ತಟ್ಟೆ ಬಲಗೈಗೆ, ಬೀಸುವಾಗ ಮೈ ಎಷ್ಟು ಬಾಗಬೇಕು ಎಂಬುದೆಲ್ಲ ಆಡಿದವನಿಗೆ ಗೊತ್ತು. ಮಗ್ಗದ ಲಾಳಿಯನ್ನು ‘ಮರದ ಉಪಕರಣ’ ಎಂದು ಬರೆಯುವ ಕೈಯನ್ನು ನೇಕಾರರ ಮನೆಯ ಅಟೆಂಡರ್ ಹಿಡಿದು ನಿಲ್ಲಿಸುತ್ತಾಳೆ. ಅವಳನ್ನು ಯಾರಾದರೂ ಕೇಳಿದರೆ. ಅವಳೇ ಬಿಡಿಸಿದ ಚಿತ್ರವೋ ನೇಯ್ದ ಬಟ್ಟೆಯೋ ಗೋಡೆಯ ಮೇಲೆ ಬಂದ ದಿನ ಕೇಳುವ ಧೈರ್ಯ ಮೇಲಿನವರಿಗೂ ಹೇಳುವ ಧೈರ್ಯ ಅವಳಿಗೂ ಬರುತ್ತದೆ. ಸಿಬ್ಬಂದಿಯ ಕಲಾಪ್ರದರ್ಶನದ ನಿಜವಾದ ಫಲ ಇದು.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ರಾಬರ್ಟ್ ರೈಮನ್ 1953ರಿಂದ ಏಳು ವರ್ಷ ಕಾವಲುಗಾರನಾಗಿದ್ದ. ಸ್ಯಾಕ್ಸೊಫೋನ್ ವಾದಕನಾಗಬೇಕೆಂದು ಆ ನಗರಕ್ಕೆ ಬಂದವನು ಕಾವಲು ನಿಂತ ಗೋಡೆಗಳನ್ನೇ ನೋಡುತ್ತ ನೋಡುತ್ತ ಚಿತ್ರಕಾರನಾದ. 1958ರ ಸಿಬ್ಬಂದಿ ಪ್ರದರ್ಶನದಲ್ಲಿ ತನ್ನ ಚಿತ್ರವನ್ನಿಟ್ಟ. ಮುಂದೆ ಅದೇ ಸಂಗ್ರಹಾಲಯ ಅವನ ಕೃತಿಗಳಿಗೆ ಜಾಗ ಕೊಟ್ಟಿತು. ಅದೇ ನಗರದ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲೂ ಸಿಬ್ಬಂದಿ ಪ್ರದರ್ಶನ ದಶಕಗಳಿಂದ ನಡೆಯುತ್ತಿತ್ತು, ಆದರೆ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಸಾರ್ವಜನಿಕರಿಗೆ ಅದರ ಬಾಗಿಲು ತೆರೆದದ್ದು 2022ರಲ್ಲಿ. ಅಷ್ಟು ದೊಡ್ಡ ಸಂಸ್ಥೆಗೂ ತನ್ನ ಕೆಲಸಗಾರರನ್ನು ಕಲಾವಿದರೆಂದು ಲೋಕದ ಮುಂದೆ ಒಪ್ಪಿಕೊಳ್ಳಲು ಇಷ್ಟು ಕಾಲ ಹಿಡಿಯಿತು.

ಆಕ್ಷೇಪಗಳಿವೆ, ಅವುಗಳನ್ನು ಲಘುವಾಗಿ ನೋಡಲಾರೆ. ಮೇಲಧಿಕಾರಿಯ ಚಿತ್ರಕ್ಕೆ ನಡುಗೋಡೆ, ಕಾವಲುಗಾರನದಕ್ಕೆ ಮೆಟ್ಟಿಲ ಸಂದಿ ಸಿಗುವ ಅಪಾಯ ನಿಜವಾದದ್ದು. ಅಧಿಕಾರಿ ತನ್ನದೇ ಕೃತಿಯನ್ನು ಸರ್ಕಾರದ ಹಣದಲ್ಲಿ ಸಂಗ್ರಹಾಲಯಕ್ಕೆ ಕೊಳ್ಳುವ ಅಪಾಯವೂ ಇದೆ. ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ 1986ರಲ್ಲಿ ಒಪ್ಪಿಕೊಂಡ ನೀತಿಸಂಹಿತೆ ಸಿಬ್ಬಂದಿಯ ಸ್ವಂತ ಹಿತ ಸಂಸ್ಥೆಯ ಹಿತಕ್ಕೆ ಅಡ್ಡ ಬರಬಾರದೆಂದು ಎಚ್ಚರಿಸುತ್ತದೆ. ಅದು ಸರಿಯೇ. ಕೊಳ್ಳುವುದನ್ನು ತಡೆಯಿರಿ, ಆಯ್ಕೆಯನ್ನು ಹೊರಗಿನ ಕಲಾವಿದರಿಗೆ ಒಪ್ಪಿಸಿ. ತೋರಿಸುವುದನ್ನು ತಡೆಯಲು ಇದು ಕಾರಣವಾಗದು. ಕೇಂದ್ರ ನೌಕರರ 1964ರ ನಡತೆ ನಿಯಮಗಳೇ, ಕರ್ತವ್ಯಕ್ಕೆ ಕುಂದು ಬಾರದಂತೆ ಆಗೊಮ್ಮೆ ಈಗೊಮ್ಮೆ ಕಲೆ, ಸಾಹಿತ್ಯದ ಕೆಲಸ ಮಾಡಲು ಅವಕಾಶ ಕೊಟ್ಟಿವೆ. ನಮ್ಮ ರಾಜ್ಯದಲ್ಲಿ 2020ರಲ್ಲಿ ಹೊಸ ನಡತೆ ನಿಯಮಗಳ ಕರಡು ಬಂದಾಗ ನಟಿಸುವ, ಬರೆಯುವ ನೌಕರರಲ್ಲಿ ದಿಗಿಲು ಹುಟ್ಟಿತ್ತು. ಸಣ್ಣ ನೌಕರ ನಿಯಮವನ್ನು ಓದಿ ಹೆದರುವುದಿಲ್ಲ. ‘ಯಾಕ್ ಬೇಕು ಉಸಾಬರಿ’ ಎಂಬ ಮೇಲಿನವರ ಒಂದು ಮಾತಿಗೆ ಹೆದರಿ ಚಿತ್ರವನ್ನು ಅಟ್ಟಕ್ಕೆ ಹಾಕುತ್ತಾನೆ. ಆದ್ದರಿಂದ ಅನುಮತಿ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಸಂಗ್ರಹಾಲಯಗಳನ್ನು ನಡೆಸುವ ಇಲಾಖೆ ಸುತ್ತೋಲೆಯಲ್ಲೇ ಬರೆದು ಕಳಿಸಬೇಕು.

ಖರ್ಚು ಹೆಚ್ಚಿಲ್ಲ. ವರ್ಷಕ್ಕೆ ಹದಿನೈದು ದಿನ, ಒಂದು ಕೋಣೆ, ನಾಲ್ಕು ದೀಪ. ಅಂಥ ಕೋಣೆಯನ್ನು ಮಲೆಮಹದೇಶ್ವರ ಬೆಟ್ಟದಲ್ಲೂ ತೆರೆಯಬಹುದು; ಅಲ್ಲಿ 2023ರಲ್ಲಿ 108 ಅಡಿಯ ಮಾದಪ್ಪನ ಪ್ರತಿಮೆ ಅನಾವರಣಗೊಂಡಿತು. ಶಿವರಾತ್ರಿ, ದೀಪಾವಳಿಯ ಜಾತ್ರೆಗೆ ಬರುವ ಜನಸಾಗರದಲ್ಲಿ ಒಂದು ಪಾಲು ನಿಂತು ನೋಡಿದರೂ ಯಾವ ನಗರದ ಗ್ಯಾಲರಿಗೂ ಸಿಗದ ನೋಡುಗರು ಅಲ್ಲಿದ್ದಾರೆ. ಅದೇ ಬೆಟ್ಟದ ಸೋಲಿಗರು ಕಾಡನ್ನು ನುಂಗುತ್ತಿರುವ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿರುವ ಸೋಲಿಗನೊಬ್ಬ ಹೆಣೆದದ್ದಿದ್ದರೆ ಅದನ್ನೂ ಸೇರಿಸಿಕೊಳ್ಳಲಿ. ಮೊದಲ ಪ್ರದರ್ಶನ ಯಳಂದೂರಿನ ಬಂಗಲೆಯಲ್ಲೇ ಆಗಲಿ. ಪ್ರತಿ ಕೃತಿಯ ಕೆಳಗಿನ ಚೀಟಿಯಲ್ಲಿ ಮಾಡಿದವರ ಹೆಸರು, ಊರು, ಅವರು ಮಾಡುವ ಕೆಲಸ ಮೂರನ್ನೂ ಬರೆಯಲಿ. ಕೆಲಸ ‘ಕಾವಲು’ ಎಂದಿದ್ದರೆ ಹಾಗೆಯೇ ಬರೆಯಲಿ, ಹೊನ್ನಮ್ಮನ ಹೆಸರಿನ ಜೊತೆ ಸಂಚಿಯನ್ನು ಬರೆದಂತೆ.