ಗೇರು ತಾನಾಗಿ ಬಿದ್ದರೂ ಹೊಣೆ ಚಾಲಕನದೇ

ಡ್ರೈವಿಂಗ್ ಟೆಸ್ಟಿಗೆ ಆಟೋಮ್ಯಾಟಿಕ್ ಕಾರು ಸಲ್ಲದೆಂದು ಕೇರಳದ ಸಾರಿಗೆ ಇಲಾಖೆ 2024ರಲ್ಲಿ ಸುತ್ತೋಲೆ ಹೊರಡಿಸಿದಾಗ ರಾಜ್ಯದಲ್ಲಿ ಚರ್ಚೆಯೆದ್ದಿತು. ಆದರೆ ಯಾವ ಕಾರು ಎಂಬುದಕ್ಕಿಂತ, ಅದನ್ನು ಹೇಗೆ ಓಡಿಸಬೇಕೆಂಬುದೇ ಮುಖ್ಯ ಪ್ರಶ್ನೆ.

ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ಚು ತುಳಿಯುವ ಕೆಲಸ ತಪ್ಪಿದೆ, ವಿವೇಚನೆಯ ಕೆಲಸ ತಪ್ಪಿಲ್ಲ. ಹದವಾಗಿ ಓಡಿಸಿದರೆ 'ಡಿ'ಯಲ್ಲಿ ಗೇರು ಬೇಗನೆ ಮೇಲೇರುತ್ತದೆ; ಎಂಜಿನ್ ನಿಧಾನವಾಗಿ ತಿರುಗಿ ಪೆಟ್ರೋಲು ಉಳಿಯುತ್ತದೆ. 'ಸ್ಪೋರ್ಟ್' ಇರುವ ಕಾರುಗಳಲ್ಲಿ ಅದನ್ನು ಆರಿಸಿದರೆ ಕೆಳಗಿನ ಗೇರೇ ಹೆಚ್ಚು ಹೊತ್ತು ನಿಲ್ಲುತ್ತದೆ. ಓವರ್‌ಟೇಕಿಗೆ ಬಲ ಸಿಗುತ್ತದೆ, ಖರ್ಚೂ ಏರುತ್ತದೆ.

ಭಾಗಮಂಡಲದಿಂದ ಕರಿಕೆಯ ದಾರಿಯಾಗಿ ಪಾಣತ್ತೂರಿಗೆ ಇಳಿಯುವ ಘಾಟಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಬ್ರೇಕನ್ನು ಮಾತ್ರ ನಂಬಿದರೆ ಅದು ಕಾದು ಹಿಡಿತ ಕಳೆದುಕೊಂಡೀತು. 'ಎಂ' ಅಥವಾ 'ಎಲ್'ಗೆ ತಂದು ಕೆಳಗಿನ ಗೇರಿನಲ್ಲಿಟ್ಟರೆ ಎಂಜಿನ್ನೇ ಕಾರನ್ನು ತಡೆಯುತ್ತದೆ.

ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವುದು ಹಳೆಯ ಚಾಳಿ. ಇಂದಿನ ಎಂಜಿನ್ನುಗಳಲ್ಲಿ, ಗೇರಿನಲ್ಲಿರುವಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲಿನ ಪೂರೈಕೆ ಬಹುಮಟ್ಟಿಗೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಿರಲು ಪೆಟ್ರೋಲು ಬೇಕೇ ಬೇಕು. ಅಲ್ಲಿಗೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಟೆಸ್ಟು ಯಾವ ಕಾರಿನಲ್ಲೇ ನಡೆಯಲಿ, ಇಳಿಜಾರಿನಲ್ಲಿ ಗೇರಿನ ಬಳಕೆಯನ್ನು ಕಲಿಸದಿದ್ದರೆ ಕಲಿಕೆ ಅರ್ಧವೇ ಸರಿ. ಗುಡ್ಡಗಾಡಿನ ಈ ಜಿಲ್ಲೆಯಲ್ಲಿ ಉಳಿದರ್ಧಕ್ಕೆ ಜೀವದ ಬೆಲೆ ತೆರಬೇಕಾದೀತು.