ಇದ್ದೂ ಒದಗದ ನೆನಪು



ಕಣಜದ ತುಂಬ ಜೋಳವಿದ್ದು, ಅದರ ಬಾಗಿಲು ತೆರೆಯಲು ಬಾರದೆ ಉಪವಾಸ ಮಲಗುವ ಒಕ್ಕಲಿಗನನ್ನು ಏನೆನ್ನಬೇಕು? ಅವನು ಬಡವನೂ ಅಲ್ಲ, ಉಳ್ಳವನೂ ಅಲ್ಲ. 2022ರಲ್ಲಿ ನಮಗೂ ಅಂಥದೇ ಪ್ರಸಂಗವೊಂದು ಒದಗಿತು. ಅದು ಗಣಕಯಂತ್ರದ ಮಾತು. ಈ ಅಂಕಣದ ವಾಡಿಕೆಗೆ ಇದು ಹೊರತೆಂದು ಕೆಲವರಿಗೆ ತೋರಬಹುದು. ಆದರೆ ಮಕ್ಕಳ ಓದಿಗೆ, ಅಂಗಡಿಯ ಲೆಕ್ಕಕ್ಕೆ, ಮಠಗಳ ಗ್ರಂಥಕಾರ್ಯಕ್ಕೆ ಈ ಯಂತ್ರ ಬಂದು ನೆಲೆಸಿರುವಾಗ, ಅದರ ಗುಣದೋಷಗಳನ್ನು ಅರಿಯುವುದೂ ಗೃಹಸ್ಥರ ಕರ್ತವ್ಯವೇ ಆಗಿದೆ.

ತಾಡೋಲೆಗಳ ಛಾಯಾಚಿತ್ರಗಳನ್ನು ಪರದೆಯ ಮೇಲೆ ತೆರೆದು, ಪಾಠವನ್ನು ಹೋಲಿಸಿ ನೋಡುವುದು ನಮ್ಮ ನಿತ್ಯದ ಕೆಲಸ. ನಾಲ್ಕೈದು ಓಲೆಗಳನ್ನು ಒಟ್ಟಿಗೆ ತೆರೆದರೆ ಸಾಕು, ಯಂತ್ರ ಮೊಂಡು ಹಿಡಿದು ನಿಲ್ಲುತ್ತಿತ್ತು. ಅದರಲ್ಲಿದ್ದುದು 4 ಜಿಬಿ ರ‍್ಯಾಮ್, ಅಂದರೆ ಕೆಲಸದ ವೇಳೆ ಯಂತ್ರ ಬಳಸುವ ತಾತ್ಕಾಲಿಕ ನೆನಪು. ಭಕ್ತರೊಬ್ಬರು ಗ್ರಂಥಕಾರ್ಯಕ್ಕೆಂದು ಕೊಟ್ಟ ಹಣದಲ್ಲಿ ಇನ್ನೂ 4 ಜಿಬಿ ಹಾಕಿಸಿದೆವು. ಒಟ್ಟು 8 ಆಯಿತು. ಆದರೆ ಯಂತ್ರದ ವೇಗ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ತೆರೆದು ನೋಡಿದರೆ, ಅಳವಡಿಸಿದ್ದು 8 ಜಿಬಿ, ಬಳಸಬಹುದಾದದ್ದು 3.24 ಜಿಬಿ ಎಂದು ಅದೇ ಹೇಳುತ್ತಿತ್ತು.

ನಮಗೆ ಸಿಟ್ಟು ಬಂದಿತು. ದಾಸೋಹದ ಹಣಕ್ಕೆ ಮೋಸವಾಯಿತೆಂದು ಬಗೆದು, ಅಂಗಡಿಗೆ ಹೋಗಿ ನಾಲ್ಕು ಜನರ ಮುಂದೆ ಆ ಹುಡುಗನಿಗೆ ಆಡಬಾರದ ಮಾತನ್ನಾಡಿದೆವು. ಅವನು ತಲೆತಗ್ಗಿಸಿ ಕೇಳಿ, ಕೊನೆಗೆ ಇಷ್ಟೇ ಹೇಳಿದ: “ಸಿಟ್ಟಾಗಬ್ಯಾಡ್ರಿ ಗುರುಗಳೇ. ರ‍್ಯಾಮ್ ಪೂರಾ ಐತ್ರಿ. ಅದನ್ನ ಎಣಸಾಕ ನಿಮ್ಮ ವಿಂಡೋಸ್‌ಗೆ ಬರಂಗಿಲ್ರಿ. ನಾನು ಮೊದಲ ನೋಡಬೇಕಾಗಿತ್ತು.”

ಅವನು ಬಿಡಿಸಿ ಹೇಳಿದ ಮರ್ಮವಿದು. ನೆನಪಿನ ಪ್ರತಿಯೊಂದು ಕೋಣೆಗೂ ಒಂದು ವಿಳಾಸ ಬೇಕು. ಮನೆಯ ಸಂಖ್ಯೆಯನ್ನು ಎರಡೇ ಅಂಕಿಗಳಲ್ಲಿ ಬರೆಯಬೇಕೆಂಬ ಕಟ್ಟಳೆಯಿದ್ದರೆ, ನೂರಕ್ಕಿಂತ ಹೆಚ್ಚು ಮನೆಗಳಿಗೆ ಅಂಚೆಯವನು ಓಲೆ ಮುಟ್ಟಿಸಲಾರನು. ಮನೆಬಳಕೆಯ 32 ಬಿಟ್ ವಿಂಡೋಸ್ ವಿಳಾಸವನ್ನು ಸೊನ್ನೆ ಒಂದುಗಳ 32 ಸ್ಥಾನಗಳಲ್ಲಿ ಬರೆಯುತ್ತದೆ. ಅದರಿಂದ ದೊರೆಯುವ ಒಟ್ಟು ವಿಳಾಸಗಳು 429,49,67,296. ಅಂದರೆ ಸರಿಯಾಗಿ 4 ಜಿಬಿ. ಪರದೆಗೆ ಚಿತ್ರ ಮೂಡಿಸುವ ಭಾಗ, ಜಾಲಕ್ಕೆ ಜೋಡಿಸುವ ಭಾಗ ಮೊದಲಾದ ಉಪಕರಣಗಳಿಗೂ ಇದರೊಳಗಿಂದಲೇ ವಿಳಾಸ ಕೊಡಬೇಕು. ಆದ್ದರಿಂದ ಉಳಿಯುವುದು ಮೂರು ಚಿಲ್ಲರೆ. ಎಂಟಲ್ಲ, ಹದಿನಾರು ಹಾಕಿದರೂ ಫಲವಿಲ್ಲ.

ಪರಿಹಾರ 64 ಬಿಟ್ ವಿಂಡೋಸ್. ನಮ್ಮ ಯಂತ್ರದ ಸಂಸ್ಕಾರಕ ಅದಕ್ಕೆ ಯೋಗ್ಯವಾಗಿಯೇ ಇತ್ತು. ಆದರೆ 32ರಿಂದ 64ಕ್ಕೆ ಇದ್ದಲ್ಲಿಯೇ ಏರುವ ದಾರಿಯಿಲ್ಲ; ಹಳೆಯದನ್ನು ಅಳಿಸಿ ಹೊಸದಾಗಿ ಹಾಕಬೇಕು. ಹೀಗಾಗಿ ಮೊದಲು ಎಲ್ಲ ಕಡತಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ ಖಚಿತಪಡಿಸಿಕೊಂಡೆವು. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳನ್ನೂ ಮರೆಯದೆ ತೆಗೆದಿಟ್ಟೆವು. ಅವಿಲ್ಲದಿದ್ದರೆ ವರ್ಷಗಟ್ಟಲೆ ಬೆರಳಚ್ಚಿಸಿದ ಕನ್ನಡವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತದೆ. ಮುದ್ರಣಯಂತ್ರಕ್ಕೂ 64 ಬಿಟ್‌ನ ಚಾಲಕ ತಂತ್ರಾಂಶ ದೊರೆಯುವುದೇ ಎಂದು ಮುಂಚೆಯೇ ವಿಚಾರಿಸಿದೆವು. ಅದೇ ಆವೃತ್ತಿಯ ಪರವಾನಗಿ ಎರಡಕ್ಕೂ ಸಲ್ಲುವುದರಿಂದ ಬೇರೆ ಹಣ ಬೇಕಾಗಲಿಲ್ಲ. ಎರಡು ದಿನಗಳಲ್ಲಿ ಯಂತ್ರ ತನ್ನ ನೆನಪನ್ನು ಪಡೆಯಿತು.

ಇಂಥ ತೊಡಕು ನಿಮ್ಮ ಮನೆಯಲ್ಲಿ ಕಂಡರೆ, ಹೊಸ ಯಂತ್ರಕ್ಕೆ ಹಣ ಸುರಿಯುವ ಮೊದಲು ಕ್ರಮವಾಗಿ ನೋಡಿರಿ. ‘ದಿಸ್ ಪಿಸಿ’ ಗುರುತಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ, ಅಳವಡಿಸಿದ ನೆನಪೆಷ್ಟು, ಬಳಕೆಗೆ ಬರುವುದೆಷ್ಟು, ವ್ಯವಸ್ಥೆ 32 ಬಿಟ್ಟೋ 64 ಬಿಟ್ಟೋ ಎಂಬುದೆಲ್ಲ ಅಲ್ಲಿಯೇ ಇರುತ್ತದೆ.

ಅಳವಡಿಸಿದ ಲೆಕ್ಕವೇ ಕಡಿಮೆ ತೋರಿದರೆ, ರ‍್ಯಾಮ್ ಪಟ್ಟಿ ಸರಿಯಾಗಿ ಕುಳಿತಿಲ್ಲವೆಂದು ಶಂಕಿಸಬೇಕು. ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು, ಯಂತ್ರದ ಲೋಹದ ಕವಚವನ್ನು ಮುಟ್ಟಿ, ಬಳಿಕ ಪಟ್ಟಿಯನ್ನು ತೆಗೆದು ಎರಡೂ ಕೊನೆಯ ಕೊಂಡಿಗಳು ಕಚ್ಚುವಂತೆ ಮರಳಿ ಕೂಡಿಸಬೇಕು. ಒಂದೊಂದೇ ಪಟ್ಟಿಯನ್ನು ಹಾಕಿ, ಜಾಗ ಬದಲಿಸಿ ನೋಡಿದರೆ ಕೆಟ್ಟದ್ದು ಪಟ್ಟಿಯೋ ಜಾಗವೋ ತಿಳಿಯುತ್ತದೆ. ಮದರ್‌ಬೋರ್ಡ್ ಎಷ್ಟು ನೆನಪನ್ನು ಹೊರಬಲ್ಲದೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಬೇಕು.

ವ್ಯವಸ್ಥೆ 64 ಬಿಟ್ ಇದ್ದೂ ಬಹಳ ಕಡಿಮೆಯಾದರೆ, ‘ಎಂಎಸ್‌ಕಾನ್ಫಿಗ್’ ತೆರೆದು, ‘ಬೂಟ್’ ವಿಭಾಗದ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ ಎಂಬಲ್ಲಿ ಗುರುತು ಬಿದ್ದಿದ್ದರೆ ತೆಗೆಯಿರಿ. ಹೆಸರು ಗರಿಷ್ಠವೆಂದಿದ್ದರೂ ಅದು ಮಿತಿ ಹಾಕುವ ಗುರುತು. ಕೆಲವು ಹಳೆಯ ಯಂತ್ರಗಳ ಬಯೋಸ್‌ನಲ್ಲಿ ‘ಮೆಮೊರಿ ರೀಮ್ಯಾಪ್’ ಎಂಬುದನ್ನು ಜಾರಿಮಾಡಬೇಕಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರ ಪರದೆಗಾಗಿ ಒಂದಿಷ್ಟು ನೆನಪನ್ನು ಕಾದಿರಿಸಿಕೊಳ್ಳುತ್ತದೆ, ಅದು ದೋಷವಲ್ಲ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ 32 ಬಿಟ್ ಇಲ್ಲವೇ ಇಲ್ಲ. ಹಳೆಯ ಯಂತ್ರಕ್ಕೆ ರ‍್ಯಾಮ್ ಕೊಳ್ಳುವವರು ಇದನ್ನೂ ಯೋಚಿಸಬೇಕು.

ಯಂತ್ರ ಸರಿಹೋಯಿತು, ನಾವು ಆಡಿದ ಮಾತು? ಅದನ್ನು ಅಳಿಸಿ ಹೊಸದಾಗಿ ಹಾಕಲು ಬರುವುದಿಲ್ಲ. ಮರುದಿನ ಅದೇ ಅಂಗಡಿಗೆ ಹೋಗಿ, ಗಿರಾಕಿಗಳಿರುವಾಗಲೇ, “ತಮ್ಮಾ, ತಪ್ಪು ನಮ್ಮದು” ಎಂದೆವು. ಮುಂಚೆಯೇ ಕೇಳದ ತಪ್ಪನ್ನು ಅವನು ತಾನಾಗಿ ಒಪ್ಪಿದ್ದನು. ಮೋಸ ಮಾತ್ರ ಅವನ ಕಾಯಕದಲ್ಲಿರಲಿಲ್ಲ. ಅದನ್ನು ಕಂಡದ್ದು ನಮ್ಮ ಅರಿವುಗೇಡಿತನ.

ಒಂದು ಕಾಲಕ್ಕೆ ವಚನಗಳ ಓಲೆಕಟ್ಟುಗಳು ನಮ್ಮ ಹಿರಿಯರ ಮನೆಗಳಲ್ಲಿಯೇ ಇದ್ದವು. ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವೇ ಹೊರತು ಓದುವವರಿರಲಿಲ್ಲ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಮೇಲೆ ಆ ನೆನಪು ಸಮಾಜದ ಬಳಕೆಗೆ ಬಂದಿತು. ಅವರು ಹೊಸ ಸಂಪತ್ತನ್ನು ತಂದು ಸೇರಿಸಲಿಲ್ಲ. ಇದ್ದುದಕ್ಕೆ ದಾರಿ ಮಾಡಿದರು. ಇಂದು ಆ ಗ್ರಂಥಗಳು ನಮ್ಮ ಕಪಾಟಿನಲ್ಲಿವೆ. ಅವುಗಳಲ್ಲಿ ಎಷ್ಟು ನಮ್ಮ ಬಳಕೆಯಲ್ಲಿವೆ ಎಂಬ ಲೆಕ್ಕವನ್ನು ಪ್ರತಿಯೊಂದು ಮನೆಯೂ ತಾನೇ ತೆರೆದು ನೋಡಿಕೊಳ್ಳಲಿ.